ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರಿನಲ್ಲಿ ಮಗುವಿನ ಆಸನದ ಅಳವಡಿಕೆ

ಮಗುವಿನ ಆಸನವು ಕಾರಿನಲ್ಲಿ ಪ್ರಯಾಣಿಸುವ ಶಿಶುವನ್ನು ಅಥವಾ ಚಿಕ್ಕ ಮಗುವನ್ನು ಅಪಘಾತದ ವೇಳೆ ಭದ್ರವಾಗಿ ಹಿಡಿದಿಡುವ, ಕಾರಿನ ಸೀಟಿನ ಮೇಲೆ ಬಿಗಿದು ಕೂರಿಸುವ ಪ್ರತ್ಯೇಕ ಸಾಧನ. ಸಾಮಾನ್ಯವಾಗಿ ಇದನ್ನು ಕಾರಿನ ಹಿಂದಿನ ಸೀಟಿನಲ್ಲಿ ಅಳವಡಿಸಲಾಗುತ್ತದೆ. ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರುಗಳಲ್ಲಿ ಹಿಂದಿನ ಸೀಟು ಒಂದೋ ಇರುವುದೇ ಇಲ್ಲ, ಇಲ್ಲವೇ ತೀರ ಇಕ್ಕಟ್ಟಾಗಿರುತ್ತದೆ. ಬಾಗಿಲುಗಳ ಕೊರತೆಯಿಂದ ಉಂಟಾಗುವುದು ಅನನುಕೂಲ ಮಾತ್ರ. ನಿಜವಾದ ಅಪಾಯ ಮುಂದಿನ ಸೀಟಿನ ಏರ್‌ಬ್ಯಾಗ್‌ನಿಂದಲೂ ಸಡಿಲವಾಗಿ ಕುಳಿತ ಆಸನದಿಂದಲೂ ಬರುತ್ತದೆ. ಈ ಲೇಖನದಲ್ಲಿ 'ಆಸನ' ಎಂದರೆ ಮಗುವಿನ ಆಸನ, 'ಸೀಟು' ಎಂದರೆ ಕಾರಿನ ಸೀಟು.

ಹಿನ್ನೆಲೆ

1960ರ ದಶಕಕ್ಕೆ ಮುಂಚೆ ಮಾರಾಟವಾಗುತ್ತಿದ್ದ ಮಕ್ಕಳ ಆಸನಗಳ ಉದ್ದೇಶ ರಕ್ಷಣೆಯಾಗಿರಲಿಲ್ಲ. ಮಗು ಕಾರಿನೊಳಗೆ ಓಡಾಡದಂತೆ ತಡೆಯುವುದು, ಕಿಟಕಿಯಿಂದ ಹೊರಗೆ ನೋಡಲು ಅನುವಾಗುವಂತೆ ಎತ್ತರದಲ್ಲಿ ಕೂರಿಸುವುದು ಇಷ್ಟೇ ಅವುಗಳ ಕೆಲಸವಾಗಿತ್ತು. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಅವರು ಗಗನಯಾತ್ರಿಗಳು ಬೆನ್ನಿನ ಮೇಲೆ ಭಾರ ಹೊತ್ತು ಮಲಗುವ ಭಂಗಿಯಿಂದ ಪ್ರೇರಣೆ ಪಡೆದು ಹಿಮ್ಮುಖ ಆಸನವನ್ನು ರೂಪಿಸಿದರು. ಅದರ ಮೊದಲ ಮಾದರಿಯನ್ನು 1964ರಲ್ಲಿ ಪರೀಕ್ಷಿಸಲಾಯಿತು. ಅಮೆರಿಕದಲ್ಲಿ ಮಕ್ಕಳ ಆಸನವನ್ನು ಕಡ್ಡಾಯಗೊಳಿಸಿದ ಮೊದಲ ರಾಜ್ಯ ಟೆನೆಸಿ. ಅಲ್ಲಿ ಈ ಕಾನೂನು 1978ರ ಜನವರಿಯಿಂದ ಜಾರಿಗೆ ಬಂದಿತು.

ಶಿಶುವನ್ನು ಕಾರಿನ ಹಿಂಭಾಗಕ್ಕೆ ಮುಖ ಮಾಡಿ ಕೂರಿಸುವುದಕ್ಕೆ ಶರೀರರಚನೆಯೇ ಕಾರಣ. ನವಜಾತ ಶಿಶುವಿನ ತಲೆ ಅದರ ದೇಹದ ಉದ್ದದ ಸುಮಾರು ನಾಲ್ಕನೆಯ ಒಂದು ಭಾಗದಷ್ಟಿರುತ್ತದೆ. ವಯಸ್ಕರಲ್ಲಿ ಅದು ಎಂಟನೆಯ ಒಂದು ಭಾಗ. ಇಷ್ಟು ದೊಡ್ಡ ತಲೆಯನ್ನು ಹೊತ್ತ ಕತ್ತು ಇನ್ನೂ ಎಳೆಯದು. ಎದುರಿನಿಂದ ಡಿಕ್ಕಿಯಾದಾಗ ಮುಮ್ಮುಖವಾಗಿ ಕುಳಿತ ಶಿಶುವಿನ ತಲೆ ಮುಂದಕ್ಕೆ ಎಸೆಯಲ್ಪಟ್ಟು ಪೂರ್ತಿ ಸೆಳೆತ ಕತ್ತಿನ ಮೇಲೆ ಬೀಳುತ್ತದೆ. ಹಿಮ್ಮುಖ ಆಸನದಲ್ಲಿ ಅದೇ ಬಲ ಬೆನ್ನು, ಕತ್ತು, ತಲೆ ಮೂರಕ್ಕೂ ಹಂಚಿಹೋಗುತ್ತದೆ.

ಕಾರುಗಳ ಎರಡು ಬಗೆ

ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರುಗಳಲ್ಲಿ ಮಾಜ್ದಾ ಎಂಎಕ್ಸ್-5ರಂತಹ ಕಾರುಗಳಿಗೆ ಇರುವುದು ಎರಡೇ ಸೀಟು. ಪೋರ್ಷೆ 911, ಫೋರ್ಡ್ ಮಸ್ಟಾಂಗ್ ಮೊದಲಾದವುಗಳಲ್ಲಿ ಮುಂದಿನ ಎರಡು ಸೀಟುಗಳ ಹಿಂದೆ ಇನ್ನೆರಡು ಚಿಕ್ಕ ಸೀಟುಗಳಿರುತ್ತವೆ. ಇಂಥವನ್ನು 'ಟು ಪ್ಲಸ್ ಟು' ಎನ್ನುವುದು ರೂಢಿ. ಹೆಸರು ನೋಡಿ ನಿರ್ಧರಿಸುವಂತಿಲ್ಲ: 911ರ ಕುಟುಂಬಕ್ಕೇ ಸೇರಿದ ಜಿಟಿ3 ಮಾದರಿಯಲ್ಲಿ ಹಿಂದಿನ ಸೀಟುಗಳಿಲ್ಲ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ವಿದ್ಯುತ್ ಕಾರು ಸ್ಪೋರ್ಟ್ಸ್ ಕಾರೇನೂ ಅಲ್ಲವಾದರೂ ಅದರ ಏರ್ಪಾಡು ಇದೇ ಬಗೆಯದು. ಎರಡು ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು.

ಮುಂದಿನ ಸೀಟು ಮತ್ತು ಏರ್‌ಬ್ಯಾಗ್

ಎರಡೇ ಸೀಟಿನ ಕಾರಿನಲ್ಲಿ ಆಸನಕ್ಕೆ ಚಾಲಕನ ಪಕ್ಕದ ಸೀಟಲ್ಲದೆ ಬೇರೆ ಜಾಗವಿಲ್ಲ. ಆ ಸೀಟಿನ ಎದುರಿಗೆ ಡ್ಯಾಶ್‌ಬೋರ್ಡಿನೊಳಗೆ ಏರ್‌ಬ್ಯಾಗ್ ಇರುತ್ತದೆ. ಡಿಕ್ಕಿಯಾದೊಡನೆ ಅದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ ಅವಧಿಯಲ್ಲಿ ಉಬ್ಬಿಕೊಳ್ಳುತ್ತದೆ. ಸೀಟಿನಲ್ಲಿ ಹಿಂದಕ್ಕೆ ಒರಗಿ ಬೆಲ್ಟ್ ಕಟ್ಟಿಕೊಂಡಿರುವ ವಯಸ್ಕನನ್ನು ತಲುಪುವ ಹೊತ್ತಿಗೆ ಚೀಲ ಪೂರ್ತಿ ಉಬ್ಬಿ ಮೆತ್ತೆಯಂತಾಗಿರುತ್ತದೆ. ಹಿಮ್ಮುಖ ಆಸನದ ಬೆನ್ನಾದರೋ ಡ್ಯಾಶ್‌ಬೋರ್ಡಿಗೆ ತೀರ ಹತ್ತಿರ, ಶಿಶುವಿನ ತಲೆಯ ಹಿಂಬದಿಗೇ ಇರುತ್ತದೆ. ಇನ್ನೂ ಸ್ಫೋಟದ ವೇಗದಲ್ಲಿರುವ ಚೀಲ ಆ ಬೆನ್ನಿಗೆ ಬಡಿದರೆ ಹೊಡೆತವೆಲ್ಲ ನೇರವಾಗಿ ಶಿಶುವಿನ ತಲೆಗೆ ತಗಲುತ್ತದೆ. ಬದುಕುಳಿಯಬಹುದಾಗಿದ್ದ ಸಣ್ಣ ಅಪಘಾತಗಳಲ್ಲಿಯೂ 1990ರ ದಶಕದಲ್ಲಿ ಅಮೆರಿಕದಲ್ಲಿ ಶಿಶುಗಳು ಸತ್ತದ್ದು ಹೀಗೆ.

ಈ ಕಾರಣದಿಂದ 1995ರಲ್ಲಿ ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು ಹಿಂದಿನ ಸೀಟಿಲ್ಲದ ಅಥವಾ ಹಿಮ್ಮುಖ ಆಸನ ಹಿಡಿಸದಷ್ಟು ಚಿಕ್ಕ ಹಿಂದಿನ ಸೀಟುಳ್ಳ ವಾಹನಗಳಲ್ಲಿ ಏರ್‌ಬ್ಯಾಗನ್ನು ಕೈಯಿಂದ ನಿಷ್ಕ್ರಿಯಗೊಳಿಸುವ ಸ್ವಿಚ್ಚಿಗೆ ಅನುಮತಿ ನೀಡಿತು. ಯುರೋಪಿನ ಒಕ್ಕೂಟವು 2003ರ ನಿರ್ದೇಶನವೊಂದರ ಮೂಲಕ, ಏರ್‌ಬ್ಯಾಗ್ ನಿಷ್ಕ್ರಿಯವಾಗಿರದ ಹೊರತು ಅದರ ಎದುರಿನ ಸೀಟಿನಲ್ಲಿ ಹಿಮ್ಮುಖ ಆಸನ ಇಡುವುದನ್ನು ನಿಷೇಧಿಸಿತು.

ಸ್ವಿಚ್ಚು ಇರುವ ಕಾರುಗಳಲ್ಲಿ ಅದು ಡ್ಯಾಶ್‌ಬೋರ್ಡಿನ ಪಕ್ಕದ ಅಂಚಿನಲ್ಲೋ ಗ್ಲೋವ್ ಬಾಕ್ಸಿನೊಳಗೋ ಇದ್ದು ಕೀಲಿಕೈಯಿಂದ ತಿರುಗುತ್ತದೆ. ಇನ್ನು ಕೆಲವು ಕಾರುಗಳು ಸೀಟಿನ ಮೇಲಿನ ತೂಕವನ್ನು ಗ್ರಹಿಸಿ ತಾವಾಗಿಯೇ ಏರ್‌ಬ್ಯಾಗನ್ನು ನಿಷ್ಕ್ರಿಯಗೊಳಿಸುತ್ತವೆ. ಎರಡರಲ್ಲಿಯೂ ಏರ್‌ಬ್ಯಾಗ್ ನಿಷ್ಕ್ರಿಯವಾಗಿದೆ ಎಂಬ ಸೂಚಕ ದೀಪ ಉರಿಯುತ್ತಿರುವುದನ್ನು ಪ್ರತಿ ಪ್ರಯಾಣಕ್ಕೂ ಮೊದಲು ಕಣ್ಣಾರೆ ನೋಡಬೇಕು. ಅದೇ ಸೀಟಿನಲ್ಲಿ ಮರುದಿನ ವಯಸ್ಕರು ಕುಳಿತಾಗ ಸ್ವಿಚ್ಚನ್ನು ಹಿಂದಿನ ಸ್ಥಿತಿಗೆ ತರಲು ಮರೆಯುವುದು ಸಾಮಾನ್ಯ; ಆಗ ಅವರಿಗೆ ಏರ್‌ಬ್ಯಾಗಿನ ರಕ್ಷಣೆಯೇ ಇರುವುದಿಲ್ಲ. ಸ್ವಿಚ್ಚೂ ಇಲ್ಲದ, ತೂಕ ಗ್ರಹಿಸುವ ವ್ಯವಸ್ಥೆಯೂ ಇಲ್ಲದ ಎರಡು ಸೀಟಿನ ಕಾರಿನಲ್ಲಿ ಶಿಶುವನ್ನು ಕರೆದೊಯ್ಯಲು ಸುರಕ್ಷಿತವಾದ ದಾರಿಯೇ ಇಲ್ಲ. ನಿಧಾನವಾಗಿ ಓಡಿಸುತ್ತೇವೆಂಬುದಾಗಲಿ, ಹತ್ತಿರದ ಊರೆಂಬುದಾಗಲಿ ಇದಕ್ಕೆ ಪರಿಹಾರವಲ್ಲ.

ಮುಮ್ಮುಖ ಆಸನವನ್ನು ಮುಂದಿನ ಸೀಟಿನಲ್ಲಿ ಇಡುವಾಗ ಏರ್‌ಬ್ಯಾಗ್ ಇರಬೇಕೇ ಬೇಡವೇ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆಯಾಗುತ್ತದೆ. ಇಲ್ಲಿ ಕಾರಿನ ಕೈಪಿಡಿಯೇ ಪ್ರಮಾಣ. ಸೀಟನ್ನು ಸಾಧ್ಯವಾದಷ್ಟು ಹಿಂದಕ್ಕೆ ಸರಿಸುವುದು ಸಾಮಾನ್ಯ ಸೂಚನೆ.

ಹಿಂದಿನ ಸೀಟಿನಲ್ಲಿ ಅಳವಡಿಕೆ

ಹಿಂದಿನ ಸೀಟಿಗೆ ಆಸನವನ್ನು ಸಾಗಿಸಬೇಕಾದರೆ ಮುಂದಿನ ಸೀಟಿನ ಬೆನ್ನನ್ನು ಮಡಿಸಿ, ಸೀಟನ್ನು ಮುಂದಕ್ಕೆ ಜಾರಿಸಿ, ಆ ಸಂದಿನಲ್ಲಿ ತೂರಿಸಬೇಕು. ಭಾರತ, ಬ್ರಿಟನ್ ಮುಂತಾದ ಎಡಬದಿ ಸಂಚಾರದ ದೇಶಗಳಲ್ಲಿ ಎಡಗಡೆಯ ಸೀಟಿನ ಹಿಂದೆ ಅಳವಡಿಸುವುದು ಲೇಸು. ಆಗ ಮಗುವನ್ನು ಇಳಿಸುವ ಬಾಗಿಲು ಕಾಲುದಾರಿಯ ಕಡೆಗೆ ತೆರೆಯುತ್ತದೆ. ಎರಡು ಬಾಗಿಲಿನ ಕಾರುಗಳ ಬಾಗಿಲು ಉದ್ದವಾಗಿರುವುದರಿಂದ ಇಕ್ಕಟ್ಟಾದ ಪಾರ್ಕಿಂಗ್ ಸ್ಥಳದಲ್ಲಿ ಅದು ಪೂರ್ತಿ ತೆರೆಯುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತಳಪೀಠ ಕಾರಿನಲ್ಲಿಯೇ ಉಳಿದು, ಶಿಶುವಿನ ತೊಟ್ಟಿಲು ಮಾತ್ರ ಕಳಚಿಬರುವಂತಹ ಆಸನಗಳು ಇಲ್ಲಿ ಬಹಳ ಉಪಯುಕ್ತ.

ಅಳವಡಿಕೆಗೆ ಎರಡು ವಿಧಾನಗಳಿವೆ: ಕಾರಿನ ಸೀಟ್ ಬೆಲ್ಟಿನಿಂದ ಬಿಗಿಯುವುದು, ಅಥವಾ ಐಸೋಫಿಕ್ಸ್ ಕೊಂಡಿಗಳಿಗೆ ಸಿಕ್ಕಿಸುವುದು. ಐಸೋಫಿಕ್ಸ್ ಎಂಬುದು 1999ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾನಕ. ಸೀಟಿನ ಬೆನ್ನು ಮತ್ತು ತಳ ಸೇರುವ ಸಂದಿನಲ್ಲಿ, ಒಂದರಿಂದೊಂದು 280 ಮಿ.ಮೀ. ದೂರದಲ್ಲಿ, 6 ಮಿ.ಮೀ. ದಪ್ಪದ ಎರಡು ಉಕ್ಕಿನ ಕಂಬಿಗಳನ್ನು ಕಾರಿನ ಒಡಲಿಗೇ ಬೆಸೆದಿರುತ್ತಾರೆ. ಆಸನ ಮುಂದಕ್ಕೆ ಮಗುಚದಂತೆ ತಡೆಯಲು ಇವುಗಳ ಜೊತೆಗೆ ಸೀಟಿನ ಹಿಂದಕ್ಕೆ ಎಳೆದು ಕಟ್ಟುವ ಮೇಲುಪಟ್ಟಿಯೋ ಕಾರಿನ ನೆಲಕ್ಕೆ ಊರುವ ಆಸರೆಗಾಲೋ ಬೇಕಾಗುತ್ತದೆ. ತೊಡಕು ಹುಟ್ಟುವುದು ಹೆಚ್ಚಾಗಿ ಇಲ್ಲಿಯೇ. ಟು ಪ್ಲಸ್ ಟು ಕಾರಿನಲ್ಲಿ ಹಿಂದೆ ಕಾಲಿಡುವ ಜಾಗ ಕಿರಿದಾಗಿರುವುದರಿಂದ ಆಸರೆಗಾಲು ನೆಟ್ಟಗೆ ನಿಲ್ಲದೆ ಹೋಗಬಹುದು. ಮಡಚುವ ಛಾವಣಿಯ ಕಾರಿನಲ್ಲಿ ಮೇಲುಪಟ್ಟಿಯ ಕೊಂಡಿ ಎಲ್ಲಿದೆ ಎಂಬುದನ್ನು ಮೊದಲೇ ಹುಡುಕಿಕೊಳ್ಳಬೇಕು.

ಹಿಂದಿನ ಸೀಟುಗಳು ಬಟ್ಟಲಿನಂತೆ ತಗ್ಗಾಗಿದ್ದರೆ ಆಸನದ ಚಪ್ಪಟೆ ತಳ ಅಂಚುಗಳ ಮೇಲಷ್ಟೇ ಕುಳಿತು ಅಲುಗಾಡುತ್ತದೆ. ಛಾವಣಿ ಹಿಂದಕ್ಕೆ ಇಳಿಜಾರಾಗಿರುವುದರಿಂದ ಎತ್ತರದ ಬೆನ್ನುಳ್ಳ ಬೂಸ್ಟರ್ ಆಸನದ ತಲೆ ಗಾಜಿಗೆ ತಾಗುವುದೂ ಉಂಟು. ಹಿಮ್ಮುಖ ಆಸನಕ್ಕೆ ಜಾಗ ಮಾಡಲು ಮುಂದಿನ ಸೀಟನ್ನು ಎಷ್ಟು ಮುಂದಕ್ಕೆ ಸರಿಸಬೇಕಾಗುತ್ತದೆಂದರೆ, ಅಲ್ಲಿ ಕೂರುವವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ಒತ್ತುತ್ತದೆ. ಚಾಲಕನ ಹಿಂದೆ ಅಳವಡಿಸಿದಲ್ಲಿ ಇದು ಇನ್ನೂ ಅಪಾಯಕಾರಿ. ಚಾಲಕನ ಎದೆಗೂ ಸ್ಟಿಯರಿಂಗ್ ಚಕ್ರಕ್ಕೂ ನಡುವೆ ಕನಿಷ್ಠ 25 ಸೆಂ.ಮೀ. ಅಂತರವಿರಬೇಕು. ಆದ್ದರಿಂದ ಆಸನವನ್ನು ಕೊಳ್ಳುವುದಕ್ಕೆ ಮೊದಲು ಅದೇ ಕಾರಿನಲ್ಲಿ ಇಟ್ಟುನೋಡುವುದು ಅಗತ್ಯ.

ಮೂಲ ಸೀಟನ್ನು ತೆಗೆದು ಪಂದ್ಯದ ಸೀಟನ್ನೂ ನಾಲ್ಕು ಎಳೆಯ ಬೆಲ್ಟನ್ನೂ ಹಾಕಿಸಿಕೊಂಡ ಕಾರಿನಲ್ಲಿ ಮಗುವಿನ ಆಸನವನ್ನು ಕೂರಿಸಲಾಗದು. ಅದಕ್ಕೆ ಬೇಕಾದದ್ದು ಮೂರು ಬಿಂದುಗಳ ಸಾಮಾನ್ಯ ಬೆಲ್ಟು ಅಥವಾ ಐಸೋಫಿಕ್ಸ್ ಕೊಂಡಿ.

ಬಿಗಿತದ ಪರೀಕ್ಷೆ

ಆಸನವನ್ನು ಕೂರಿಸಿ, ಅದರ ಮೇಲೆ ಮೈಭಾರ ಹಾಕಿ ಒತ್ತುತ್ತ ಬೆಲ್ಟನ್ನು ಎಳೆದು ಬಿಗಿಯಬೇಕು. ಬಳಿಕ ಬೆಲ್ಟು ಹಾಯ್ದುಹೋಗುವ ಜಾಗದಲ್ಲಿ ಆಸನವನ್ನು ಹಿಡಿದು ಅಲುಗಿಸಿದಾಗ ಅದು ಯಾವ ದಿಕ್ಕಿಗೂ 2.5 ಸೆಂ.ಮೀ.ಗಿಂತ ಹೆಚ್ಚು ಸರಿಯಬಾರದು. ಮಗುವಿನ ಭುಜದ ಪಟ್ಟಿಯನ್ನು ಬೆರಳುಗಳಲ್ಲಿ ಚಿವುಟಿದರೆ ಮಡಿಕೆ ಸಿಗಬಾರದು. ಪಟ್ಟಿಗಳು ಹಿಮ್ಮುಖ ಆಸನದಲ್ಲಿ ಭುಜದ ಮಟ್ಟಕ್ಕೆ ಅಥವಾ ಅದಕ್ಕಿಂತ ಕೆಳಗೆ, ಮುಮ್ಮುಖ ಆಸನದಲ್ಲಿ ಭುಜದ ಮಟ್ಟಕ್ಕೆ ಅಥವಾ ಅದಕ್ಕಿಂತ ಮೇಲೆ ಹೊರಬರಬೇಕು. ಕೈಪಿಡಿ ಹೇಳದ ಹೊರತು ಆಸನದಡಿ ಬಟ್ಟೆ, ದಿಂಬು ತುರುಕಿ ಸರಿಗಟ್ಟುವ ಉಪಾಯ ಸಲ್ಲದು. ಡಿಕ್ಕಿಯ ವೇಳೆ ಅವು ಅಮುಕಿಹೋಗಿ ಬಿಗಿದ ಬೆಲ್ಟೂ ಸಡಿಲಾಗುತ್ತದೆ.

ಅಪಘಾತ ಪರೀಕ್ಷೆಯ ಒಂದು ಉದಾಹರಣೆ

ಹಿಂದೆ ಸೀಟುಗಳಿವೆ ಎಂಬುದರಿಂದಲೇ ಅಲ್ಲಿ ಮಕ್ಕಳು ಸುರಕ್ಷಿತರು ಎನ್ನಲಾಗದು. ಯುರೋ ಎನ್‌ಕ್ಯಾಪ್ ಸಂಸ್ಥೆಯು 2017ರ ಜನವರಿಯಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಫೋರ್ಡ್ ಮಸ್ಟಾಂಗ್ ಕಾರಿಗೆ ಐದರಲ್ಲಿ ಎರಡೇ ತಾರೆ ದೊರೆತವು. ಮಕ್ಕಳ ರಕ್ಷಣೆಯಲ್ಲಿ ಸಿಕ್ಕಿದ್ದು ಶೇಕಡ 32 ಅಂಕ. ಹಿಂದಿನ ಸೀಟಿನ ಬೆಲ್ಟುಗಳಲ್ಲಿ ಡಿಕ್ಕಿಯ ಕ್ಷಣದಲ್ಲಿ ತಾನಾಗಿ ಬಿಗಿಯುವ ಮತ್ತು ಎದೆಯ ಮೇಲಿನ ಒತ್ತಡವನ್ನು ಮಿತಗೊಳಿಸುವ ಸಾಧನಗಳಿಲ್ಲದಿದ್ದುದನ್ನು ಸಂಸ್ಥೆ ಟೀಕಿಸಿತು. ಅದೇ ವರ್ಷ ಪರಿಷ್ಕೃತ ಮಾದರಿಗೆ ಮೂರು ತಾರೆ ದೊರೆಯಿತು.

ಕಾನೂನು

ವಿಶ್ವಸಂಸ್ಥೆಯ 129ನೇ ನಿಯಮ 2013ರಲ್ಲಿ ಜಾರಿಗೆ ಬಂದಿತು. ಅದು ಆಸನಗಳನ್ನು ತೂಕದ ಬದಲು ಎತ್ತರದ ಪ್ರಕಾರ ವಿಂಗಡಿಸಿ, ಮಗುವಿಗೆ 15 ತಿಂಗಳು ತುಂಬುವವರೆಗೆ ಹಿಮ್ಮುಖ ಪ್ರಯಾಣವನ್ನು ವಿಧಿಸುತ್ತದೆ. ಬ್ರಿಟನ್ನಿನಲ್ಲಿ 12 ವರ್ಷ ವಯಸ್ಸು ಅಥವಾ 135 ಸೆಂ.ಮೀ. ಎತ್ತರ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಆಸನ ಕಡ್ಡಾಯ.

ಭಾರತದಲ್ಲಿ 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 194ಬಿ ಎಂಬ ಕಲಂ ಸೇರಿತು. ಹದಿನಾಲ್ಕು ವರ್ಷದೊಳಗಿನ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಗುವಿನ ಆಸನದ ರಕ್ಷಣೆಯಿಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡ. ಎರಡು ಬಾಗಿಲಿನ ಕಾರುಗಳು ಇಲ್ಲಿ ವಿರಳವಾದರೂ ಮಹೀಂದ್ರಾ ಥಾರ್ ಜನಪ್ರಿಯವಾಗಿದೆ. ಅದು ಸ್ಪೋರ್ಟ್ಸ್ ಕಾರಲ್ಲ. ಆದರೆ ಮುಂದಿನ ಸೀಟು ಮಡಿಸಿಯೇ ಹಿಂದಕ್ಕೆ ಹೋಗಬೇಕಾದ ಪಾಡು ಅದರಲ್ಲಿಯೂ ಇದೆ. 2020ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ನಡೆಸಿದ ಪರೀಕ್ಷೆಯಲ್ಲಿ ಥಾರ್, ವಯಸ್ಕರ ಮತ್ತು ಮಕ್ಕಳ ರಕ್ಷಣೆ ಎರಡರಲ್ಲಿಯೂ ನಾಲ್ಕು ತಾರೆ ಗಳಿಸಿತು.