ಮನೆಯ ಬಿಸುಪು

ಉಷ್ಣದೇಶದವರಾದ ನಮಗೆ ಮನೆಯೊಳಗೆ ಗಾಳಿ ಆಡಿದಷ್ಟೂ ಹಿತ. ಆದರೆ ಇಂಗ್ಲೆಂಡಿನಂತಹ ಶೀತದೇಶದಲ್ಲಿ ಒಳಗಿನ ಬಿಸುಪನ್ನು ಹೊರಗೆ ಹೋಗಗೊಡದಿರುವುದೇ ಮನೆಯ ಮುಖ್ಯ ಕರ್ತವ್ಯ. ಅಲ್ಲಿಯ ಹಳೆಯ ಮನೆಗಳು ಈ ಕರ್ತವ್ಯದಲ್ಲಿ ಸೋಲುತ್ತವೆ. ಇದಕ್ಕೆ ಕಾರಣವೇನು?

ಆ ದೇಶದ ನಗರಗಳಲ್ಲಿ 1919ಕ್ಕೆ ಮುಂಚೆ ಕಟ್ಟಿದ ಲಕ್ಷಾಂತರ ಮನೆಗಳು ಇಂದಿಗೂ ಉಳಿದಿವೆ. ಅವುಗಳನ್ನು ಕಟ್ಟಿದ ಕಾಲದಲ್ಲಿ ಕೋಣೆಗಳಲ್ಲಿ ಕಲ್ಲಿದ್ದಲಿನ ಅಗ್ಗಿಷ್ಟಿಕೆಗಳು ಉರಿಯುತ್ತಿದ್ದವು. ಬೆಂಕಿಗೆ ಗಾಳಿ ಬೇಕಾದುದರಿಂದ, ಸಂದುಗಳಲ್ಲಿ ಗಾಳಿ ನುಸುಳುವುದು ಅಂದು ದೊಡ್ಡ ದೋಷವೆನಿಸಲಿಲ್ಲ. 1952ರ ಡಿಸೆಂಬರಿನಲ್ಲಿ ಲಂಡನ್ನನ್ನು ಕವಿದ ಹೊಗೆಮಂಜಿಗೆ ಸಾವಿರಾರು ಜನರು ಬಲಿಯಾದರು. 1956ರಲ್ಲಿ ಶುದ್ಧವಾಯು ಶಾಸನವು ಬಂದಿತು. ಕ್ರಮೇಣ ಅಗ್ಗಿಷ್ಟಿಕೆಗಳು ಆರಿ, ಬಿಸಿನೀರು ಹರಿಯುವ ರೇಡಿಯೇಟರುಗಳು ಬಂದವು. ಬೆಂಕಿ ಹೋಯಿತು, ಸಂದುಗಳು ಮಾತ್ರ ಉಳಿದವು.

ಇಂತಹ ಮನೆಯಲ್ಲಿ ಬಾಡಿಗೆಗೆ ಇರುವವರ ಕಷ್ಟ ಇಮ್ಮಡಿ. ಗೋಡೆ ಕಿಟಕಿಗಳನ್ನು ಬದಲಿಸುವ ಅಧಿಕಾರ ಅವರಿಗಿಲ್ಲ. ಆದರೆ ಇಂಧನದ ವೆಚ್ಚವನ್ನು ಸಾಮಾನ್ಯವಾಗಿ ಅವರೇ ತೆರಬೇಕು. ಶೀತದೇಶಗಳಲ್ಲಿ ಮನೆಯೊಳಗಿನ ಉಷ್ಣತೆಯು 18 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಾಗಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಸೂಚಿಸಿತು. ಮನೆಯ ಚಳಿಯು ಹೃದಯಕ್ಕೂ ಶ್ವಾಸಕೋಶಗಳಿಗೂ ಕೇಡು. ವೃದ್ಧರಿಗೂ ಶಿಶುಗಳಿಗೂ ಇನ್ನಷ್ಟು ಅಪಾಯಕರ. ಅನ್ನಕ್ಕೋ ಇಂಧನಕ್ಕೋ ಎಂದು ಹಣವನ್ನು ಎಣಿಸಬೇಕಾದ ಕುಟುಂಬಗಳೂ ಅಲ್ಲಿವೆ.

ಅಲ್ಪ ವೆಚ್ಚದ ಉಪಾಯಗಳನ್ನು ಅರಿಯಲು ಕಂಬಳಿಯನ್ನೇ ನೋಡಿರಿ. ಕಂಬಳಿಯು ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ಅದರ ಎಳೆಗಳ ನಡುವೆ ಸಿಕ್ಕಿದ ನಿಶ್ಚಲ ಗಾಳಿಯು ಉಷ್ಣದ ಅವಾಹಕ; ಅದು ಮೈಯ ಶಾಖವನ್ನು ಸುಲಭವಾಗಿ ಹೊರಬಿಡದು. ಅದೇ ಗಾಳಿಯು ಚಲಿಸತೊಡಗಿದರೆ ಶಾಖವನ್ನು ಹೊತ್ತೊಯ್ಯುತ್ತದೆ. ಆದ್ದರಿಂದ ಚಲಿಸುವ ಗಾಳಿಯನ್ನು ತಡೆಯುವುದು, ನಿಶ್ಚಲ ಗಾಳಿಯ ಹೊದಿಕೆಯನ್ನು ನಿರ್ಮಿಸುವುದು, ಇವೆರಡೇ ಮೂಲಸೂತ್ರಗಳು.

ಮೊದಲು ಸಂದುಗಳನ್ನು ಹುಡುಕಬೇಕು. ಗಾಳಿ ಬೀಸುವ ದಿನ ಕಿಟಕಿಗಳನ್ನು ಮುಚ್ಚಿ, ಪರದೆಗಳನ್ನು ದೂರ ಸರಿಸಿ, ಹೊತ್ತಿಸಿದ ಊದುಬತ್ತಿಯನ್ನು ಚೌಕಟ್ಟಿನ ಬಳಿ ಹಿಡಿದರೆ, ಸಂದಿರುವಲ್ಲಿ ಹೊಗೆಯು ಅತ್ತಿತ್ತ ಬಾಗುತ್ತದೆ. ಅಲ್ಲಿಗೆ ಅಂಟುವ ಸ್ಪಂಜಿನ ಪಟ್ಟಿಯನ್ನು ಹಚ್ಚಬಹುದು. ಬಾಗಿಲಿನ ಅಡಿಗೆ ಹಳೆಯ ಬಟ್ಟೆ ತುಂಬಿದ ಉದ್ದನೆಯ ಚೀಲ ಸಾಕು. ಕಿಟಕಿಯ ಒಳಚೌಕಟ್ಟಿಗೆ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿದರೆ, ಗಾಜಿಗೂ ಹಾಳೆಗೂ ನಡುವೆ ನಿಶ್ಚಲ ಗಾಳಿಯ ಪದರ ನಿಲ್ಲುತ್ತದೆ. ಹಗಲು ಬಿಸಿಲನ್ನು ಒಳಬಿಟ್ಟು, ಸಂಜೆಯಾಗುತ್ತಲೇ ದಪ್ಪ ಪರದೆಗಳನ್ನು ಎಳೆಯಬೇಕು; ಆದರೆ ಅವು ರೇಡಿಯೇಟರನ್ನು ಮುಚ್ಚಬಾರದು. ಹಲಗೆಯ ನೆಲಕ್ಕೆ ಜಮಖಾನ ಹಾಸಬಹುದು. ಇವೆಲ್ಲವೂ ಮನೆ ಬಿಡುವಾಗ ತೆಗೆಯಬಹುದಾದ ವಸ್ತುಗಳಾದುದರಿಂದ ಬಾಡಿಗೆದಾರರಿಗೆ ಅನುಕೂಲ.

ಆದರೂ ಮನೆಯನ್ನು ಡಬ್ಬಿಯಂತೆ ಮುಚ್ಚಿಬಿಡುವುದು ಅವಿವೇಕ. ಅಡುಗೆ, ಸ್ನಾನ, ಉಸಿರಾಟಗಳಿಂದ ಹೊರಡುವ ನೀರಾವಿಯು ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟಿ ಬೂಷ್ಟಿಗೆ ಎಡೆಗೊಡುತ್ತದೆ. ಅನಿಲದ ಉಪಕರಣವು ಕೆಟ್ಟಿದ್ದರೆ ಅಥವಾ ಅದಕ್ಕೆ ಸಾಕಷ್ಟು ಗಾಳಿ ದೊರೆಯದಿದ್ದರೆ, ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವು ಪ್ರಾಣವನ್ನೇ ತೆಗೆಯಬಲ್ಲದು. ಆದುದರಿಂದ ಗಾಳಿಗಾಗಿಯೇ ಇಟ್ಟ ಕಿಂಡಿಗಳನ್ನು ಎಂದಿಗೂ ಮುಚ್ಚಬಾರದು.

ಮಾಡಿಗೆ ಉಷ್ಣರೋಧಕ ಹೊದಿಸುವಂತಹ ದೊಡ್ಡ ಕಾರ್ಯವು ಮನೆಯ ಮಾಲೀಕರಿಗೆ ಸೇರಿದ್ದು. ಮನೆಗಳ ಇಂಧನ ಮಿತವ್ಯಯವನ್ನು ಅಲ್ಲಿ ‘ಎ’ಯಿಂದ ‘ಜಿ’ವರೆಗೆ ಏಳು ದರ್ಜೆಗಳಲ್ಲಿ ಅಳೆಯುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2020ರಿಂದ, ಕೆಲವು ವಿನಾಯಿತಿಗಳನ್ನುಳಿದು, ‘ಇ’ ದರ್ಜೆಗಿಂತ ಕೆಳಗಿನ ಖಾಸಗಿ ಮನೆಗಳನ್ನು ಬಾಡಿಗೆಗೆ ಕೊಡುವಂತಿಲ್ಲ. ಬಾಡಿಗೆದಾರರ ಜಾಣ್ಮೆಯು ಚಳಿಯನ್ನು ತಗ್ಗಿಸಬಲ್ಲದು. ಮಾಲೀಕರ ಹೊಣೆಯನ್ನು ಅದು ತಗ್ಗಿಸಲಾರದು. ಇವೆರಡೂ ಕೂಡಿದಾಗಲೇ ಹಳೆಯ ಮನೆಯು ಬಡವರಿಗೂ ಬೆಚ್ಚನೆಯ ನೆಲೆಯಾಗುತ್ತದೆ.