ಮೌನ ಹುಡುಕಿ ಸ್ವಾಲ್ಬಾರ್ಡಿಗೆ

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ ರೇಡಿಯೊ ಹಚ್ಚಿ 101.3ಕ್ಕೆ ತಿರುಗಿಸಿದರೆ ಬೆಂಗಳೂರಿನ ಎಫ್‌ಎಂ ರೇನ್‌ಬೋ ಹಾಡುತ್ತದೆ. ಅದೇ 101.3 ಮೆಗಾಹರ್ಟ್ಸ್‌ನಲ್ಲಿ ಇನ್ನೊಂದು ಪ್ರಸಾರವೂ ಇರಬೇಕು ಎನ್ನುತ್ತದೆ ಖಗೋಳವಿಜ್ಞಾನ. ಜಲಜನಕದ ಪರಮಾಣು ಸೂಸುವ ರೇಡಿಯೊ ಅಲೆಯ ಆವರ್ತನ ಸುಮಾರು 1420 ಮೆಗಾಹರ್ಟ್ಸ್. ವಿಶ್ವಕ್ಕೆ ಇನ್ನೂ 33 ಕೋಟಿ ವರ್ಷ ವಯಸ್ಸಾಗಿದ್ದಾಗ ಹೊರಟ ಅಲೆ, ವಿಶ್ವ ಹಿಗ್ಗಿದಂತೆ ತಾನೂ ಹಿಗ್ಗುತ್ತ ಬಂದು, ನಮ್ಮನ್ನು ಮುಟ್ಟುವಾಗ ಅದರ ಆವರ್ತನ ಹದಿನಾಲ್ಕರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. 1420ನ್ನು 14ರಿಂದ ಭಾಗಿಸಿ ನೋಡಿ, ರೇನ್‌ಬೋ ಪಕ್ಕಕ್ಕೇ ಬಂದು ನಿಲ್ಲುತ್ತೀರಿ.

ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಈ ಸದ್ದು ಎಷ್ಟು ಕ್ಷೀಣವೆಂದರೆ, ಜಾತ್ರೆಯ ಮೈಕಿನೆದುರು ಪಿಸುಮಾತು ಕೇಳಿಸಿಕೊಂಡ ಹಾಗೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಇದಕ್ಕಾಗಿಯೇ ‘ಸರಸ್’ ಎಂಬ ಉಪಕರಣ ಕಟ್ಟಿತು. 2020ರ ಆರಂಭದಲ್ಲಿ ಸರಸ್-3ನ್ನು ತೆಪ್ಪದ ಮೇಲಿಟ್ಟು ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟರು. ನೆಲದಲ್ಲಿ ಮಣ್ಣು, ಕಲ್ಲು, ತೇವ ಒಂದೊಂದು ಕಡೆ ಒಂದೊಂದು ಥರ. ಆಂಟೆನಾದ ಲೆಕ್ಕವೇ ಕೆಡುತ್ತದೆ. ನೀರು ಎಲ್ಲೆಡೆ ಒಂದೇ. 2018ರಲ್ಲಿ ಅಮೆರಿಕದ ತಂಡವೊಂದು ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಆ ಸಂಕೇತ ಸಿಕ್ಕಿತೆಂದು ಸಾರಿತ್ತು. ನಮ್ಮ ಕೆರೆ–ಹಿನ್ನೀರಿನ ಅಳತೆ ಅದನ್ನು ಒಪ್ಪಲಿಲ್ಲ. ಫಲಿತಾಂಶ 2022ರ ಫೆಬ್ರವರಿಯಲ್ಲಿ ಪ್ರಕಟವಾಯಿತು.

ಆದರೆ ಕರ್ನಾಟಕದಲ್ಲಿ ಎಫ್‌ಎಂ, ಮೊಬೈಲು ಇಲ್ಲದ ಮೂಲೆ ಇನ್ನೆಷ್ಟು ಉಳಿದಿದೆ? 2023ರ ಡಿಸೆಂಬರ್ 18ರಂದು ದೆಹಲಿಯಿಂದ ಹೊರಟ ಭಾರತದ ಮೊದಲ ಚಳಿಗಾಲದ ಆರ್ಕ್‌ಟಿಕ್ ತಂಡದಲ್ಲಿ ರಾಮನ್ ಸಂಸ್ಥೆಯವರೂ ಇದ್ದರು. ಅವರ ಕೆಲಸ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಮೇಲಿನ ರೇಡಿಯೊ ಗದ್ದಲವನ್ನು ಅಳೆದು, ಅಲ್ಲಿ ಇಂಥ ಸೂಕ್ಷ್ಮ ಪ್ರಯೋಗ ನಡೆಸಬಹುದೇ ಎಂದು ನೋಡುವುದು. ಭಾರತದ ‘ಹಿಮಾದ್ರಿ’ ನೆಲೆ 2008ರಿಂದ ಅಲ್ಲಿನ ನೀ-ಓಲೆಸುಂಡ್ ಎಂಬ ಪುಟ್ಟ ಊರಿನಲ್ಲಿದೆ. ಉತ್ತರ ಧ್ರುವ ಅಲ್ಲಿಂದ ಸುಮಾರು 1200 ಕಿಲೋಮೀಟರ್.

ಆ ಊರಿನಲ್ಲಿ ವೈಫೈ ಇಲ್ಲ. ಬಂದವರು ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಬೇಕು, ಬ್ಲೂಟೂತ್ ಆರಿಸಬೇಕು. ಸುತ್ತಲಿನ 20 ಕಿಲೋಮೀಟರಿನಲ್ಲಿ 2ರಿಂದ 32 ಗಿಗಾಹರ್ಟ್ಸ್‌ವರೆಗಿನ ಪ್ರಸಾರಕ್ಕೆ ನಿರ್ಬಂಧ. ನಾರ್ವೆಯ ಭೂಮಾಪನ ಇಲಾಖೆಯ ದೊಡ್ಡ ತಟ್ಟೆ ಆಂಟೆನಾಗಳು ಅಲ್ಲಿ ಕೋಟ್ಯಂತರ ಜ್ಯೋತಿರ್ವರ್ಷ ದೂರದ ಕ್ವೇಸಾರ್‌ಗಳ ಅಲೆ ಹಿಡಿದು ಭೂಮಿ ಹೇಗೆ ತಿರುಗುತ್ತಿದೆ, ಎಷ್ಟು ಓಲಾಡುತ್ತಿದೆ ಎಂದು ಅಳೆಯುತ್ತವೆ. ಈ ಲೆಕ್ಕ ತಪ್ಪಿದರೆ ಜಿಪಿಎಸ್ ದಾರಿ ತಪ್ಪುತ್ತದೆ.

ಊರು ವಿಜ್ಞಾನಿಗಳದಾದದ್ದೂ ರಾಜಕೀಯದಿಂದಲೇ. ಮೊದಲು ಅದು ಕಲ್ಲಿದ್ದಲ ಗಣಿ. 1962ರ ಸ್ಫೋಟದಲ್ಲಿ 21 ಜನ ಸತ್ತರು, ಮರುವರ್ಷ ಅದೇ ಕಾರಣಕ್ಕೆ ನಾರ್ವೆಯ ಸರ್ಕಾರ ಬಿತ್ತು, ಗಣಿ ಮುಚ್ಚಿತು. ಇನ್ನೂ ಹಿಂದಕ್ಕೆ ಹೋದರೆ 1920ರ ಫೆಬ್ರವರಿ 9ರ ಸ್ವಾಲ್ಬಾರ್ಡ್ ಒಪ್ಪಂದ. ಒಡೆತನ ನಾರ್ವೆಯದು, ಮೀನು, ಗಣಿ, ವ್ಯಾಪಾರದ ಹಕ್ಕು ಸಹಿ ಹಾಕಿದ ಎಲ್ಲ ದೇಶದವರಿಗೂ ಸಮಾನ, ನೌಕಾನೆಲೆ, ಕೋಟೆ ಕೂಡದು, ಯುದ್ಧೋದ್ದೇಶಕ್ಕೆ ಬಳಸಕೂಡದು. ಬ್ರಿಟಿಷ್ ಸಾಮ್ರಾಜ್ಯದ ಭಾಗವಾಗಿ ಭಾರತದ ಹೆಸರೂ ಅದರಲ್ಲಿದೆ. ವಸಾಹತುಶಾಹಿ ನಮಗೆ ಬಿಟ್ಟುಹೋದ ಕಾಗದಗಳಲ್ಲಿ ಉಪಯೋಗಕ್ಕೆ ಬಂದದ್ದು ಕಡಿಮೆ; ಇದು ಅಂಥದ್ದೊಂದು.

ಈ ಏರ್ಪಾಡು ಶೀತಲ ಸಮರವನ್ನೂ ದಾಟಿ ಬಂತು. ಸ್ವಾಲ್ಬಾರ್ಡಿನ ಬಾರೆಂಟ್ಸ್‌ಬರ್ಗ್‌ನಲ್ಲಿ ರಷ್ಯನ್ನರ ಗಣಿ ಇವತ್ತಿಗೂ ಇದೆ. 1996ರಲ್ಲಿ ಎಂಟು ದೇಶಗಳು ಆರ್ಕ್‌ಟಿಕ್ ಮಂಡಳಿ ಕಟ್ಟಿದಾಗ ಸೇನಾ ವಿಷಯ ಇಲ್ಲಿ ಬೇಡ ಎಂದು ಮೊದಲೇ ಬರೆದುಕೊಂಡಿದ್ದವು. ಜಾಣತನವೇ ಸರಿ, ಆದರೆ ಜಗಳ ಬಾಗಿಲು ಬಡಿದಾಗ ಅದನ್ನು ಮಾತಾಡಲು ಜಾಗವೇ ಇರಲಿಲ್ಲ. ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿದ ಮೇಲೆ, 2022ರ ಮಾರ್ಚ್ 3ರಂದು ಉಳಿದ ಏಳು ದೇಶಗಳು ಮಂಡಳಿಯ ಕೆಲಸದಿಂದ ಹಿಂದೆ ಸರಿದವು. ಆಗ ಅಧ್ಯಕ್ಷ ಸ್ಥಾನದಲ್ಲಿದ್ದದ್ದು ರಷ್ಯಾವೇ. ಮುಂದೆ ಫಿನ್ಲೆಂಡ್, ಸ್ವೀಡನ್ ನೇಟೊ ಸೇರಿದ್ದರಿಂದ ಎಂಟರಲ್ಲಿ ಏಳು ಒಂದೇ ಸೇನಾ ಕೂಟದವು. ಮಂಡಳಿಯ ಕೆಲಸ ಅಷ್ಟಿಷ್ಟು ಮತ್ತೆ ಶುರುವಾಗಿದೆ, ಆದರೆ ಪಾಶ್ಚಾತ್ಯ ವಿಜ್ಞಾನಿಗಳಿಗೆ ಸೈಬೀರಿಯಾದ ಹೆಪ್ಪುನೆಲದ ಅಳತೆಗಳು ಮೊದಲಿನ ಹಾಗೆ ಸಿಗುತ್ತಿಲ್ಲ. ಆರ್ಕ್‌ಟಿಕ್ ಕರಾವಳಿಯ ಅರ್ಧದಷ್ಟು ರಷ್ಯಾದ್ದು. ಆ ಅರ್ಧ ಬಿಟ್ಟು ಮಾಡಿದ ಹವಾಮಾನ ಲೆಕ್ಕ ಒಂದು ಕಡೆಗೆ ವಾಲುತ್ತದೆ.

ಗದ್ದಲ ಗಾಳಿಯಲ್ಲೂ ಇದೆ. ನಾರ್ವೆಯ ಈಶಾನ್ಯ ತುದಿಯ ಫಿನ್‌ಮಾರ್ಕ್‌ನಲ್ಲಿ 2017ರಿಂದ ಆಗಾಗ, ಯುದ್ಧ ಶುರುವಾದ ಮೇಲೆ ಹೆಚ್ಚುಕಡಿಮೆ ನಿತ್ಯ, ವಿಮಾನಗಳ ಜಿಪಿಎಸ್ ಕೆಡುತ್ತಿದೆ. ರಷ್ಯಾ ಕಡೆಯಿಂದ ಬರುವ ಜ್ಯಾಮಿಂಗ್ ಎನ್ನುತ್ತದೆ ನಾರ್ವೆ. ಒಂದು ಕಡೆ ಜಿಪಿಎಸ್ ಸರಿಯಿರಲೆಂದು ಇಡೀ ಊರೇ ಫೋನ್ ಆರಿಸಿ ಕೂತಿದೆ; ಅದೇ ಉತ್ತರದ ಇನ್ನೊಂದು ಮೂಲೆಯಲ್ಲಿ ಅದೇ ಜಿಪಿಎಸ್ಸನ್ನು ಗದ್ದಲದಿಂದ ಮುಳುಗಿಸುತ್ತಾರೆ. 2022ರ ಜನವರಿಯಲ್ಲಿ ಸ್ವಾಲ್ಬಾರ್ಡನ್ನು ಮುಖ್ಯಭೂಮಿಗೆ ಜೋಡಿಸುವ ಎರಡು ಸಮುದ್ರತಳದ ಕೇಬಲ್ಲುಗಳಲ್ಲಿ ಒಂದು ಹಾಳಾಯಿತು. ಮನುಷ್ಯರ ಕೈವಾಡವೆಂಬ ಶಂಕೆ ಎದ್ದಿತು, ಯಾರ ಮೇಲೂ ಸಾಬೀತಾಗಲಿಲ್ಲ. ಧ್ರುವದಿಂದ ಧ್ರುವಕ್ಕೆ ಸುತ್ತುವ ಉಪಗ್ರಹಗಳು ಪ್ರತಿ ಸುತ್ತಿನಲ್ಲೂ ಸ್ವಾಲ್ಬಾರ್ಡಿನ ಉಪಗ್ರಹ ಸಂಪರ್ಕ ಕೇಂದ್ರಕ್ಕೆ ಕಾಣಿಸುತ್ತವಾದ್ದರಿಂದ ಜಗತ್ತಿನ ಹವಾಮಾನ ಚಿತ್ರಗಳಲ್ಲಿ ದೊಡ್ಡ ಪಾಲು ಆ ತಂತಿಗಳಲ್ಲೇ ಹರಿಯುತ್ತದೆ. ಇಸ್ರೊ 2013ರಲ್ಲಿ ಅಂಟಾರ್ಕ್‌ಟಿಕದ ‘ಭಾರತಿ’ ನೆಲೆಯಲ್ಲಿ ತನ್ನದೇ ಆಂಟೆನಾ ನಿಲ್ಲಿಸಿದ್ದಕ್ಕೂ ಧ್ರುವದ ಇದೇ ಅನುಕೂಲ ಕಾರಣ.

ಜ್ಯಾಮಿಂಗಿನ ಆವರ್ತನ ಬೇರೆ, ಸರಸ್ ಹುಡುಕುವುದು ಬೇರೆ. ಹಾಗೆಂದು ನಿಶ್ಚಿಂತೆಯಿಲ್ಲ. ಸ್ಟಾರ್‌ಲಿಂಕ್ ಉಪಗ್ರಹಗಳ ಒಳಗಿನ ವಿದ್ಯುನ್ಮಾನದಿಂದ 110–188 ಮೆಗಾಹರ್ಟ್ಸ್ ನಡುವೆ ಉದ್ದೇಶವಿಲ್ಲದ ಸೋರಿಕೆ ಇದೆಯೆಂದು ಯುರೋಪಿನ ಲೋಫಾರ್ ದೂರದರ್ಶಕ 2023ರಲ್ಲಿ ಪತ್ತೆ ಹಚ್ಚಿತು. ಉಪಗ್ರಹಕ್ಕೆ 20 ಕಿಲೋಮೀಟರಿನ ನಿರ್ಬಂಧ ತಾಗುವುದಿಲ್ಲ.

ರಾಮನ್ ಸಂಸ್ಥೆಯವರ ಮುಂದಿನ ಯೋಜನೆ ‘ಪ್ರತುಷ್’, ಚಂದ್ರನ ಸುತ್ತ ತಿರುಗಿ ಅದರ ಮರೆಯಲ್ಲಿ ಆಲಿಸುವ ಉಪಕರಣ. ಆ ಮರೆಯ ನೆಲದಲ್ಲಿ ಚೀನಾ 2019ರಲ್ಲೇ ಇಳಿದಿದೆ, 2024ರಲ್ಲಿ ಮಣ್ಣೂ ತಂದಿದೆ. ಚಂದ್ರನಲ್ಲಿ ಹೇಗೆ ನಡೆದುಕೊಳ್ಳಬೇಕೆಂಬ, ಅಮೆರಿಕದ ನೇತೃತ್ವದ ಆರ್ಟೆಮಿಸ್ ಒಡಂಬಡಿಕೆಗೆ ಭಾರತ 2023ರ ಜೂನ್‌ನಲ್ಲಿ ಸಹಿ ಹಾಕಿತು. ಚೀನಾ, ರಷ್ಯಾ ಹಾಕಿಲ್ಲ.