ಕ್ಲಾಸಿನಲ್ಲೇ ಕೊಡಗು ವಿಧಾನಸಭೆ
ಕೊಡಗಿಗೂ ಒಬ್ಬ ಮುಖ್ಯಮಂತ್ರಿ ಇದ್ದರು ಅಂದರೆ ನಿಮ್ಮ ಐದನೇ ಕ್ಲಾಸಿನ ಮಕ್ಕಳು ನಂಬುತ್ತಾರಾ? ಸಿ. ಎಂ. ಪೂಣಚ್ಚ. 1952ರಲ್ಲಿ ಚುನಾವಣೆ, ಶಾಸಕರು 24 ಮಂದಿ.

ಟೀಚರ್, ಪಾಠ ಓದಿಸಬೇಡಿ, ಸಭೆ ಕೂರಿಸಿ. ಬೆಂಚು ಎದುರುಬದುರು. ಚೀಟಿ ಎತ್ತಿಸಿ: ಈ ಕಡೆ 15 ಕಾಂಗ್ರೆಸ್, ಆ ಕಡೆ 9 ತಕ್ಕಡಿ. ಹೌದು, ಆ ಗುಂಪಿನ ಹೆಸರೇ ತಕ್ಕಡಿ; ಮಕ್ಕಳು ನಗಲಿ ಬಿಡಿ. ಸಂಖ್ಯೆ ಸಾಲದಿದ್ದರೆ ನಾಲ್ಕನೇ ಕ್ಲಾಸಿನವರನ್ನೂ ಕರೆಯಿರಿ.

ಚರ್ಚೆ ಒಂದೇ: ಮೈಸೂರು ರಾಜ್ಯಕ್ಕೆ ಸೇರಬೇಕಾ, ಬೇಡವಾ? ಹಿಂದಿನ ದಿನವೇ ಮನೆಯ ಹಿರಿಯರನ್ನು ಕೇಳಿಕೊಂಡು ಬರಲಿ. ಮತ ಹಾಕಿಸಿ. ಫಲಿತಾಂಶ ಏನೇ ಬಂದರೂ ತಿದ್ದಬೇಡಿ.

ಆಮೇಲೆ ಬೋರ್ಡಿನ ಮೇಲೆ ಬರೆಯಿರಿ: 1956 ನವೆಂಬರ್ 1, ವಿಲೀನ. ಈಗ ಕೊಡಗಿಗೆ ಶಾಸಕರೆಷ್ಟು? ಮಡಿಕೇರಿಗೆ ಒಬ್ಬರು, ವಿರಾಜಪೇಟೆಗೆ ಒಬ್ಬರು. ಯಾಕೆ ಹೀಗೆ ಅಂತ ಕೇಳಿ, ಎರಡನೇ ಪೀರಿಯಡ್ಡೂ ಅಲ್ಲೇ ಮುಗಿಯುತ್ತೆ!